ಚೀಟಿಯ ಉದ್ದವೂ ಔಷಧದ ಖರ್ಚೂ

ಔಷಧಕ್ಕೆ ಹಣ ಕೊಡುವವರು ರೋಗಿಗಳು, ಅದನ್ನು ಆರಿಸುವವರು ವೈದ್ಯರು. 1945ರ ಔಷಧ ನಿಯಮಗಳು ಈ ಆಯ್ಕೆಯನ್ನು ಇನ್ನಷ್ಟು ಬಿಗಿಗೊಳಿಸಿವೆ: ಚೀಟಿಯಲ್ಲಿ ಬರೆದ ಶೆಡ್ಯೂಲ್ ಎಚ್ (ವೈದ್ಯರ ಚೀಟಿಯಿಲ್ಲದೆ ಮಾರಬಾರದ) ಔಷಧದ ಬದಲು ಅದೇ ಗುಣದ ಅಗ್ಗದ ಬ್ರ್ಯಾಂಡ್ ಕೊಡುವ ಅಧಿಕಾರ ಮೆಡಿಕಲ್ ಶಾಪಿನವರಿಗಿಲ್ಲ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಜ್ವರ, ಮೈಕೈ ನೋವು ಎಂದು ಜನ ಮೊದಲು ಹೋಗುವುದು ಪರಿಚಯದ ಡಾಕ್ಟರ ಬಳಿಗೆ. ಹೀಗಾಗಿ ಒಂದು ಮನೆಯ ಔಷಧದ ಖರ್ಚು ಬಹುಮಟ್ಟಿಗೆ ಆ ಡಾಕ್ಟರ ರೂಢಿಯ ಮೇಲೆ ನಿಂತಿರುತ್ತದೆ.

ಈ ರೂಢಿಯನ್ನು ಬೆಳೆಸುವುದರಲ್ಲಿ ರೋಗಿಗಳ ಪಾಲೂ ಇದೆ. ಹಳ್ಳಿಯಲ್ಲಿ ಡಾಕ್ಟರ ಹೆಸರು ನಿಲ್ಲುವುದು 'ಕೈಗುಣ'ದ ಮೇಲೆ. ಆ ಕೈಗುಣಕ್ಕೆ ಸಾಕ್ಷಿ ಸಂಜೆಯೊಳಗೆ ಇಳಿದ ಜ್ವರ. ಸೂಜಿ ಹಾಕದೆ ಎರಡು ಮಾತ್ರೆ ಕೊಟ್ಟು, ನೀರು ಕುಡಿದು ಮಲಗಿ ಎಂದವರನ್ನು ಬಿಟ್ಟು ಜನ ಮುಂದಿನ ಸಲ ಬೇರೆ ಕ್ಲಿನಿಕ್ಕಿಗೆ ಹೋದಾರು. ವೈರಸ್ಸಿನ ನೆಗಡಿಗೆ ಆಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಅದನ್ನು ಬರೆಯುವುದು, ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ, ಬಿ-ಕಾಂಪ್ಲೆಕ್ಸ್, ಸುಸ್ತೆಂದರೆ ಗ್ಲೂಕೋಸ್ ಬಾಟ್ಲಿ ಸೇರಿಸುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಈ ಅಂಜಿಕೆಯಿಂದ. ನೆಗಡಿ ಹೇಗೂ ವಾರದಲ್ಲಿ ವಾಸಿಯಾಗುತ್ತದೆ, ಕೀರ್ತಿ ಮಾತ್ರ ಚೀಟಿಗೆ ಸಲ್ಲುತ್ತದೆ.

ಇನ್ನೊಂದು ಒತ್ತಡ ಔಷಧ ಕಂಪನಿಗಳ ಪ್ರತಿನಿಧಿಗಳದು. ಕಾಲೇಜು ಬಿಟ್ಟು ವರ್ಷಗಳಾದ ವೈದ್ಯರಿಗೆ ಹೊಸ ಔಷಧದ ಸುದ್ದಿ ತರುವವರು ಹೆಚ್ಚಾಗಿ ಈ ಎಂ.ಆರ್.ಗಳೇ. ಕಂಪನಿಗಳು ವೈದ್ಯರಿಗೆ ಕೊಡುವ ಕೊಡುಗೆಗಳಿಗೆ ಕಡಿವಾಣ ಹಾಕುವ ಸಂಹಿತೆ 2024ರ ಮಾರ್ಚ್‌ನಲ್ಲಿ ಹೊಸದಾಗಿ ಬಂದಿದೆ.

ಬೆಲೆ ನಿಯಂತ್ರಣವೂ ವೈದ್ಯರ ಪೆನ್ನಿನ ಮುಂದೆ ದುರ್ಬಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ದರವೆಂದರೆ ಮಾರುಕಟ್ಟೆಯಲ್ಲಿ ಕನಿಷ್ಠ ಶೇ 1 ಪಾಲುಳ್ಳ ಬ್ರ್ಯಾಂಡುಗಳ ಬೆಲೆಯ ಸರಾಸರಿ, ಅದರ ಮೇಲೆ ಅಂಗಡಿಯವರ ಶೇ 16 ಲಾಭಾಂಶ. ಅದು ಅಗ್ಗದ ದರವಲ್ಲ, ಸರಾಸರಿಯನ್ನು ಆಧರಿಸಿದ ದರ. ಅಲ್ಲದೆ ಈ ಮಿತಿ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ರೂಪಗಳಿಗೆ ಮಾತ್ರ. ಪಟ್ಟಿಯಲ್ಲಿರುವ ಮಾತ್ರೆಯ ಬದಲು ಪಟ್ಟಿಯಲ್ಲಿಲ್ಲದ ಸಂಯೋಜಿತ ಮಾತ್ರೆ ಬರೆದರೆ ಆ ದರದ ಬೇಲಿ ಅಲ್ಲಿಗೇ ಮುಗಿಯಿತು.

ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರಿನಲ್ಲೇ, ಅಂದರೆ ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಉಲ್ಲಂಘಿಸಿದವರಿಗೆ ಶಿಸ್ತುಕ್ರಮವನ್ನೂ ಸೂಚಿಸಿದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ 2023ರ ಆಗಸ್ಟ್ 2ರಂದು ಹೊರಬಂದು, 23ರಂದು ತಡೆಹಿಡಿಯಲ್ಪಟ್ಟಿತು. ಜೆನೆರಿಕ್ ಔಷಧದ ಗುಣಮಟ್ಟಕ್ಕೆ ಹೊಣೆ ಯಾರು ಎಂಬ ವೈದ್ಯರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ವಾದವೆಲ್ಲ ಹೆಸರಿನ ಸುತ್ತಲೇ ತಿರುಗಿದ್ದು ತಪ್ಪು. ಬೇಡದ ಐದು ಔಷಧಗಳನ್ನು ಜೆನೆರಿಕ್ ಹೆಸರಿನಲ್ಲಿ ಬರೆದರೂ ಅವು ಬೇಡದವೇ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಚೀಟಿಯನ್ನು ಅಳೆಯಲು ಐದು ಮಾನದಂಡ ಕೊಟ್ಟಿತ್ತು: ಒಬ್ಬ ರೋಗಿಗೆ ಎಷ್ಟು ಔಷಧ, ಎಷ್ಟು ಜೆನೆರಿಕ್ ಹೆಸರು, ಎಷ್ಟು ಆಂಟಿಬಯಾಟಿಕ್, ಎಷ್ಟು ಇಂಜೆಕ್ಷನ್, ಎಷ್ಟು ಅಗತ್ಯ ಪಟ್ಟಿಯವು. ಜೆನೆರಿಕ್ ಹೆಸರು ಐದರಲ್ಲಿ ಒಂದು ಮಾತ್ರ.

ಚೀಟಿಯನ್ನು ಹೀಗೆ ಎಣಿಸುವ ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರು ಬರೆಯುವ ಐದು ಔಷಧಗಳಲ್ಲಿ ನಾಲ್ಕಕ್ಕೂ ಹೆಚ್ಚು ಜೆನೆರಿಕ್ ಹೆಸರಿನವು. ಅಲ್ಲಿ ಬಿಲ್ಲು ಸರ್ಕಾರದ್ದು, ಆದ್ದರಿಂದ ಪ್ರತಿ ಕ್ಲಿನಿಕ್ಕಿನ ಬರಹದ ಲೆಕ್ಕ ಇಡಲಾಗುತ್ತದೆ. ನಮ್ಮ ಖಾಸಗಿ ಕ್ಲಿನಿಕ್ಕಿನ ಚೀಟಿ ರೋಗಿಯ ಜೇಬಿನಲ್ಲೇ ಉಳಿಯುತ್ತದೆ. ಅದನ್ನು ಯಾರೂ ಎಣಿಸದಿರುವುದೇ ಈ ಪದ್ಧತಿಯ ದೊಡ್ಡ ಕೊರತೆ.