ಗ್ರಂಥಾಲಯದ ಪಂಚಸೂತ್ರಗಳಲ್ಲಿ ಕರ್ತೃಪದದ ವಿಚಾರ

ಶಿಯಾಳಿ ರಾಮಾಮೃತ ರಂಗನಾಥನ್‌ರವರು ವಿಧಿಸಿದ ಐದು ಗ್ರಂಥಾಲಯ ನಿಯಮಗಳಿಗೆ ಕನ್ನಡದಲ್ಲಿ ಪಂಚಸೂತ್ರಗಳೆಂಬ ಹೆಸರು ರೂಢವಾಗಿರುವದು. ಗಣಿತದ ಅಧ್ಯಾಪಕರಾಗಿದ್ದು ೧೯೨೪ರಲ್ಲಿ ಮದ್ರಾಸ ವಿಶ್ವವಿದ್ಯಾಲಯದ ಪ್ರಥಮ ಗ್ರಂಥಪಾಲಕರಾದ ಈ ಮಹನೀಯರು ತಮ್ಮ ನಿಯಮಗಳನ್ನು ೧೯೩೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಜೀವಿತದ ಕಡೆಯ ಭಾಗವನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ದೇಹವಿಟ್ಟರು. ಆದುದರಿಂದ ಕರ್ನಾಟಕಕ್ಕೆ ಅವರು ಹೊರಗಿನವರಲ್ಲ. ಇಂದು ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಂಥ ಊರುಗಳ ಕಾಲೇಜುಗಳಲ್ಲಿ ಗ್ರಂಥಾಲಯದ ಮಾತು ಬಂದಾಗಲೆಲ್ಲ ಪ್ರಮಾಣವಾಗಿ ಎತ್ತಿ ಹೇಳುವದು ಈ ಐದನ್ನೇ. ಪ್ರಮಾಣವೆಂದು ಹೇಳಿದ ಮೇಲೆ ಅದರ ಪರೀಕ್ಷೆಯೂ ಕರ್ತವ್ಯವಾಗುವದು. ಸೂತ್ರವೆಂಬ ಹೆಸರು ಇವುಗಳಿಗೆ ಎಷ್ಟರಮಟ್ಟಿಗೆ ಒಪ್ಪುವದು? ಒಪ್ಪಿದರೆ, ಇವುಗಳನ್ನು ಸೂತ್ರಗಳನ್ನು ಓದುವ ಕ್ರಮದಲ್ಲಿ ಓದಿದವರಾರು?

ಸೂತ್ರಗಳ ಭಾವವು ಹೀಗಿರುವದು. ಗ್ರಂಥದ ಸಾಫಲ್ಯವು ಅದರ ಉಪಯೋಗದಲ್ಲಿಯೇ ಹೊರತು ಸಂರಕ್ಷಣೆಯಲ್ಲಿಲ್ಲವೆಂದು ಮೊದಲನೆಯದು. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ತಕ್ಕ ಗ್ರಂಥವು ಸಲ್ಲಬೇಕೆಂದು ಎರಡನೆಯದು. ಪ್ರತಿಯೊಂದು ಗ್ರಂಥಕ್ಕೂ ಅದರ ವಾಚಕನು ದೊರೆಯಬೇಕೆಂದು ಮೂರನೆಯದು. ವಾಚಕನ ಕಾಲಹರಣವಾಗದಂತೆ ನೋಡಬೇಕೆಂದು ನಾಲ್ಕನೆಯದು. ಗ್ರಂಥಾಲಯವು ಬೆಳೆಯುವ ಜೀವಿಯೆಂದು ಐದನೆಯದು. ಅಲ್ಪಾಕ್ಷರತ್ವ, ಸಾರವತ್ತ್ವ, ಸರ್ವತೋಮುಖತ್ವ ಎಂಬ ಲಕ್ಷಣಗಳು ಇವುಗಳಲ್ಲಿ ನಿಸ್ಸಂದೇಹವಾಗಿ ಇರುವವು. ಅಸಂದಿಗ್ಧತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗುವದು.

ಇಂಗ್ಲೀಷು ಮೂಲದ ವಾಕ್ಯರಚನೆಯನ್ನು ನೋಡಿದರೆ ಒಂದನೆಯದೂ ಐದನೆಯದೂ ಸಿದ್ಧಾರ್ಥವನ್ನು ಬೋಧಿಸುವ ವಾಕ್ಯಗಳು. ಇದ್ದುದನ್ನು ಹೇಳುವವೇ ಹೊರತು ಮಾಡೆಂದು ಹೇಳುವದಿಲ್ಲ. ಎರಡನೆಯ ಮತ್ತು ಮೂರನೆಯವುಗಳಲ್ಲಿ ಕ್ರಿಯಾಪದವೇ ಇಲ್ಲ. ನಾಲ್ಕನೆಯದೊಂದೇ ವಿಧಿವಾಕ್ಯ. ವಿಧಿಯಿದ್ದಲ್ಲಿ ನಿಯೋಜ್ಯನಿರಬೇಕೆಂಬದು ಮೀಮಾಂಸೆಯನ್ನು ಓದಿದವರಿಗೆಲ್ಲ ತಿಳಿದ ಮಾತು. ವಾಚಕನ ಕಾಲವನ್ನು ಉಳಿಸೆಂದು ಆಜ್ಞಾಪಿಸಿದ್ದು ಯಾರಿಗೆ? ಗ್ರಂಥವು ಕರ್ಮ, ವಾಚಕನು ಸಂಪ್ರದಾನ. ಐದು ಸೂತ್ರಗಳನ್ನು ಎಷ್ಟು ಸಲ ತಿರುವಿ ಹಾಕಿದರೂ ಕರ್ತೃಪದವು ದೊರೆಯಲೊಲ್ಲದು. ಇದು ಕೇವಲ ವೈಯಾಕರಣರ ವಿನೋದವೆಂದು ತೋರಬಹುದು. ಆದರೆ ಹಳ್ಳಿಯ ಕಾಲೇಜುಗಳ ಗ್ರಂಥಾಲಯಗಳಲ್ಲಿ ಕಾಣುವ ನ್ಯೂನತೆಯು ಇದೇ ಅಧ್ಯಾಹಾರದ ಸ್ಥಾನದಲ್ಲಿಯೇ ಇರುವದು.

ಎರಡನೆಯ ಮೂರನೆಯ ಸೂತ್ರಗಳಲ್ಲಿ ಪುನರುಕ್ತಿಯಿರುವದೆಂದು ಕೆಲವರು ತಿಳಿಯುವರು. ಅದು ಸರಿಯಲ್ಲ. ಎರಡನೆಯದು ಕೇಳುವವನನ್ನು ಕುರಿತದ್ದು, ಮೂರನೆಯದು ಕೇಳಲರಿಯದವನನ್ನು ಕುರಿತದ್ದು. ಅಣ್ಣಿಗೇರಿಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುವದು. ಪಂಪನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು, ಕವಿಯ ತಮ್ಮನಾದ ಜಿನವಲ್ಲಭನು ತೆಲುಗುನಾಡಿನ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ ತಿಳಿದುಬಂದಿರುವದು. ಆ ಊರಿನ ಬಿ.ಎ. ತರಗತಿಯ ವಿದ್ಯಾರ್ಥಿಯು ಪರೀಕ್ಷೆಗೆ ನಿಯಮಿಸಿದ ಪಠ್ಯವನ್ನು ಕೇಳಿದರೆ ಪಠ್ಯವು ದೊರೆಯುವದು. ದೊರೆಯದಿದ್ದರೆ ಹುಬ್ಬಳ್ಳಿಯಿಂದ ಗೈಡು ತರುವನು. ಎರಡನೆಯ ಸೂತ್ರವು ಅಲ್ಲಿಗೆ ತೃಪ್ತವಾಯಿತೆಂದು ಭಾವಿಸುವರು. ಆದರೆ ಜಿನವಲ್ಲಭನ ಶಾಸನವನ್ನು ಕುರಿತ ಗ್ರಂಥವೊಂದು ಕಪಾಟಿನೊಳಗೆ ಇದ್ದರೂ, ತನ್ನ ಊರಿನ ಹೆಸರು ಅದರಲ್ಲಿ ಇರುವದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ್ದನ್ನು ಯಾರೂ ಚೀಟಿಯಲ್ಲಿ ಬರೆದು ಕೇಳುವದಿಲ್ಲ. ಆ ಗ್ರಂಥವು ವಾಚಕನಿಲ್ಲದೆ ಕಪಾಟಿನಲ್ಲಿಯೇ ಮುದಿಯಾಗುವದು.

ರಂಗನಾಥನ್‌ರವರು ಮೂರನೆಯ ಸೂತ್ರದ ಸಾಧನವಾಗಿ ಮುಖ್ಯತಃ ಹೇಳಿದ್ದು ಮುಕ್ತಪ್ರವೇಶವನ್ನು. ವಾಚಕನು ತಾನೇ ಕಪಾಟುಗಳ ನಡುವೆ ಸಂಚರಿಸಿ, ಕೈಗೆ ಬಂದುದನ್ನು ತೆರೆದು ನೋಡಬೇಕು. ಅನೇಕ ಗ್ರಾಮಾಂತರ ಕಾಲೇಜುಗಳಲ್ಲಿ ಇದಕ್ಕೆ ವಿರುದ್ಧವಾಗಿ ಕಪಾಟಿಗೆ ಬೀಗ, ಮುಂದೆ ಮೇಜು, ಮೇಜಿನಾಚೆ ವಿದ್ಯಾರ್ಥಿ ಎಂಬ ವ್ಯವಸ್ಥೆಯೇ ಉಳಿದಿರುವದು. ಇದನ್ನು ಆಲಸ್ಯವೆಂದು ಹಳಿಯುವದು ಅನ್ಯಾಯ. ಕಳೆದ ಪುಸ್ತಕದ ಹೊಣೆಯು ತನ್ನ ತಲೆಗೆ ಬಂದೀತೆಂಬ ಭಯವಿದ್ದವನು ಬೀಗವನ್ನು ತೆಗೆಯಲಾರನು. ಮೊದಲನೆಯ ಸೂತ್ರವನ್ನು ಗೋಡೆಗೆ ಬರೆಯಿಸಿ, ವರ್ಷಾಂತ್ಯದ ಎಣಿಕೆಯಲ್ಲಿ ಸಂರಕ್ಷಣೆಯೊಂದನ್ನೇ ಲೆಕ್ಕಕ್ಕೆ ಹಿಡಿಯುವ ಆಡಳಿತವು ತನ್ನ ಪ್ರಮಾಣವನ್ನು ತಾನೇ ಬಾಧಿಸಿದಂತಾಯಿತು.

ಬೆಳ್ವೊಲದ ಸೀಮೆಗೆ ಈ ಮೂರನೆಯ ಧರ್ಮವು ಹೊಸದೇನೂ ಅಲ್ಲ. ಅಣ್ಣಿಗೇರಿಗೆ ಸಮೀಪದ ಲಕ್ಕುಂಡಿಯಲ್ಲಿ ೧೦೦೭ರ ಶಾಸನದಿಂದ ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬದು ಕನ್ನಡಿಗರೆಲ್ಲರಿಗೂ ಗೊತ್ತು. ಅದನ್ನು ಔದಾರ್ಯವೆಂದು ಹೊಗಳುವದು ವಾಡಿಕೆ. ಗ್ರಂಥವನ್ನು ವಾಚಕನಿದ್ದಲ್ಲಿಗೆ ಕಳಿಸಿದ ಯುಕ್ತಿಯೆಂದು ನೋಡಿದವರು ಕಡಿಮೆ.

ನಾಲ್ಕನೆಯ ಸೂತ್ರದ ವಾಚಕಕಾಲವು ನಗರದಲ್ಲಿ ಗಡಿಯಾರದ ಕಾಲ; ಮೊರಬದಿಂದ ನವಲಗುಂದಕ್ಕೆ, ಸಂಶಿಯಿಂದ ಕುಂದಗೋಳಕ್ಕೆ, ಮಿಶ್ರಿಕೋಟಿಯಿಂದ ಕಲಘಟಗಿಗೆ ಬರುವ ವಿದ್ಯಾರ್ಥಿಗೆ ಅದು ಬಸ್ಸಿನ ಕಾಲ. ತರಗತಿ ಮುಗಿಯುವದಕ್ಕೂ ಊರಿನ ಬಸ್ಸು ಹೊರಡುವದಕ್ಕೂ ನಡುವೆ ಉಳಿದಷ್ಟೇ ಅವನ ವಾಚನಕಾಲ. ಆ ಅವಕಾಶದಲ್ಲಿ ಗ್ರಂಥಾಲಯವು ಊಟದ ವಿರಾಮವೆಂದು ಮುಚ್ಚಿದ್ದರೆ, ಉಳಿದ ಆರು ತಾಸು ತೆರೆದಿದ್ದರೂ ಅವನ ಪಾಲಿಗೆ ಅದು ಮುಚ್ಚಿದ್ದೇ ಸರಿ. ಬಾರ್‌ಕೋಡು ಹಚ್ಚಿ ಗ್ರಂಥವನ್ನು ಕ್ಷಣಾರ್ಧದಲ್ಲಿ ದಾಖಲು ಮಾಡಿಕೊಟ್ಟುದರಿಂದ ಉಳಿಯುವ ಕಾಲವು ಇದರ ಮುಂದೆ ಎಷ್ಟರದು? ಹತ್ತಿ ಬಿಡಿಸುವ, ಕಡಲೆ ಕೀಳುವ ದಿನಗಳಲ್ಲಿ ವಿದ್ಯಾರ್ಥಿಯು, ವಿಶೇಷವಾಗಿ ವಿದ್ಯಾರ್ಥಿನಿಯು, ವಾರಗಟ್ಟಲೆ ಹೊಲದಲ್ಲಿರುವಳು. ಹದಿನೈದು ದಿನಗಳ ಗಡುವು, ಮೀರಿದರೆ ದಂಡ ಎಂಬ ನಿಯಮವು ಆಗ ಗ್ರಂಥವನ್ನು ಒಯ್ಯದಿರುವದೇ ಲೇಸೆಂಬ ಪಾಠವನ್ನು ಕಲಿಸುವದು. ಸುಗ್ಗಿಯ ಮುಂಚೆ ಎರಡು ತಿಂಗಳಿಗೆ ಮೂರು ಗ್ರಂಥಗಳನ್ನು ಕೊಟ್ಟು ಕಳಿಸುವದಕ್ಕೆ ಯಾವ ಯಂತ್ರವೂ ಬೇಕಾಗುವದಿಲ್ಲ, ವಾಚಕನಾರೆಂದು ಬಲ್ಲವನೊಬ್ಬನು ಬೇಕು.

ಇಲ್ಲಿಗೆ ಕರ್ತೃಪದದ ವಿಚಾರವು ಮರಳಿ ಬರುವದು. ಸೂತ್ರಕಾರರಿಗೆ ಇದು ಹೊಳೆದಿರಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಮೊದಲನೆಯ ಸೂತ್ರದ ವ್ಯಾಖ್ಯಾನದಲ್ಲಿಯೇ ಅವರು ಸ್ಥಳ, ವೇಳೆ, ಪೀಠೋಪಕರಣಗಳನ್ನು ವಿಚಾರಿಸಿದ ಬಳಿಕ ಸಿಬ್ಬಂದಿಯ ಯೋಗ್ಯತೆ, ಸಂಬಳ, ಸ್ಥಾನಮಾನಗಳನ್ನು ವಿಸ್ತಾರವಾಗಿ ಚರ್ಚಿಸಿರುವರು. ಅದಕ್ಕಿಂತಲೂ ಸ್ವಾರಸ್ಯವಾದುದು, ಈ ಸೂತ್ರಗಳಿಗೆ ಪ್ರಚಾರದಲ್ಲಿರುವ ಸಂಸ್ಕೃತ ಪದ್ಯರೂಪವು ಗ್ರಂಥಾಲಯಿಯೆಂಬ ಕರ್ತೃಪದದಿಂದಲೇ ಆರಂಭವಾಗುವದು. ಇಂಗ್ಲೀಷಿನಲ್ಲಿ ಅಡಗಿದ್ದವನು ಸಂಸ್ಕೃತದಲ್ಲಿ ಮೊದಲ ಆಸನದಲ್ಲಿ ಕುಳಿತಿರುವನು. ದೋಷವಿರುವದು ವೃತ್ತಿಯನ್ನು ಬಿಟ್ಟು ಸೂತ್ರವನ್ನಷ್ಟೇ ಕಂಠಪಾಠ ಮಾಡಿದವರಲ್ಲಿ. ಗ್ರಂಥಪಾಲಕನ ಹುದ್ದೆಯನ್ನು ವರ್ಷಾನುಗಟ್ಟಲೆ ತೆರವಾಗಿಟ್ಟು, ಬೀಗದಕೈಯನ್ನು ಯಾವನೋ ಗುಮಾಸ್ತನ ಕೈಯಲ್ಲಿರಿಸಿ, ಐದೂ ಸೂತ್ರಗಳು ಪಾಲಿತವಾಗಿರುವವೆಂದು ವರದಿ ಬರೆಯಲು ಸಾಧ್ಯವಾಗುವದು ಕರ್ತೃವಿಲ್ಲದ ವಾಕ್ಯದಲ್ಲಿ ಮಾತ್ರ.

ಹಳೆಯ ಶಾಸನಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿದ್ದರು. ಅಣ್ಣಿಗೇರಿಯಿಂದ ಆಳಿದ ನಾಲ್ಕನೆಯ ಸೋಮೇಶ್ವರನ ವಂಶದವನೇ ಆದ ಒಂದನೆಯ ಸೋಮೇಶ್ವರನ ಕಾಲದ, ೧೦೫೮ರ ನಾಗಾವಿಯ ಶಾಸನವು ಅಲ್ಲಿಯ ಘಟಿಕಾಸ್ಥಾನದ ವ್ಯವಸ್ಥೆಯನ್ನು ಹೇಳುವದು. ವೇದವನ್ನೂ ಶಾಸ್ತ್ರವನ್ನೂ ಓದುವ ಇನ್ನೂರೈವತ್ತರಷ್ಟು ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಸರಸ್ವತೀಭಂಡಾರಿಗರು ಆರು ಮಂದಿ. ಕಲಿಸುವವರೆಷ್ಟೋ ಗ್ರಂಥಗಳನ್ನು ನೋಡಿಕೊಳ್ಳುವವರೂ ಅಷ್ಟೇ. ಓಲೆಯ ಗ್ರಂಥಗಳ ಪ್ರತಿ ತೆಗೆಯುವ, ಎಣ್ಣೆ ಹಚ್ಚುವ ಕೆಲಸ ಹೆಚ್ಚಾಗಿತ್ತೆಂದು ಆಕ್ಷೇಪಿಸಬಹುದು; ಇರಬಹುದು. ಆದರೂ ಆರು ಜನರಿಗೆ ಜೀವನವನ್ನು ಕಲ್ಪಿಸಿ ಅದನ್ನು ಕಲ್ಲಿನ ಮೇಲೆ ಬರೆಯಿಸಿದರಲ್ಲವೆ?

ಐದನೆಯ ಸೂತ್ರವನ್ನು ಗ್ರಂಥಸಂಖ್ಯೆಯ ವೃದ್ಧಿಯೆಂದಷ್ಟೇ ತಿಳಿದವರು ವ್ಯಾಖ್ಯಾನದಲ್ಲಿಯ ಒಂದು ಭೇದವನ್ನು ಗಮನಿಸಿಲ್ಲ. ಶಿಶುವಿನ ಬೆಳವಣಿಗೆ ಬೇರೆ, ಪ್ರೌಢನ ಬೆಳವಣಿಗೆ ಬೇರೆ. ಪ್ರೌಢನ ಶರೀರದಲ್ಲಿ ಅಳತೆಯು ಬೆಳೆಯದು, ಹಳೆಯ ಕಣಗಳು ಹೋಗಿ ಹೊಸವು ಬರುವವು. ತಾಲೂಕಿನ ಕಾಲೇಜಿಗೆ ಸಲ್ಲುವದು ಈ ಎರಡನೆಯ ಬೆಳವಣಿಗೆ. ಕಾಲ ಮೀರಿದ ಗೈಡುಗಳನ್ನು ತೆಗೆದು, ಆ ಸ್ಥಳದಲ್ಲಿ ನವಲಗುಂದದವರು ತಮ್ಮ ಜಮಖಾನದ ನೇಯ್ಗೆಯನ್ನೂ ೧೯೮೦ರ ರೈತ ಬಂಡಾಯವನ್ನೂ, ಕುಂದಗೋಳದವರು ಸವಾಯಿ ಗಂಧರ್ವರನ್ನೂ, ಕಲಘಟಗಿಯವರು ಬಣ್ಣದ ತೊಟ್ಟಿಲಿನ ಕುಶಲತೆಯನ್ನೂ ಕುರಿತ ಗ್ರಂಥ, ಲೇಖನ, ಚಿತ್ರಗಳನ್ನು ಸಂಗ್ರಹಿಸಿಟ್ಟರೆ, ಮೇಜಿನಾಚೆ ನಿಂತವನು ಈಚೆಗೆ ಬರಲು ಕಾರಣವೊಂದು ದೊರೆಯುವದು. ಸಂಗ್ರಹಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಿದರೆ ಇನ್ನೂ ಒಳಿತು. ತಾನು ತಂದ ಕಾಗದವನ್ನು ಹುಡುಕಿಕೊಂಡು ಮನುಷ್ಯನು ಮತ್ತೆ ಬರುವನು.

ಎನ್‌-ಲಿಸ್ಟ್ ಎಂಬ ಯೋಜನೆಯ ಮೂಲಕ ಕಾಲೇಜಿನ ವಿದ್ಯಾರ್ಥಿಗಳಿಗೆ ಅಸಂಖ್ಯ ಗ್ರಂಥಗಳೂ ನಿಯತಕಾಲಿಕಗಳೂ ಮೊಬೈಲಿನಲ್ಲಿಯೇ ತೆರೆಯುವಂತಾದುದು ಬಸ್ಸಿನ ಕಾಲವನ್ನು ಗೆಲ್ಲುವ ಉಪಾಯವೆಂದು ಸಂತೋಷಪಡಬೇಕಾದ ಸಂಗತಿ. ಆದರೆ ಆ ಭಂಡಾರದ ಬಹುಭಾಗವು ಇಂಗ್ಲೀಷಿನದು. ಕನ್ನಡದಲ್ಲಿ ಕಲಿತು ಬಂದ ಮಿಶ್ರಿಕೋಟಿಯ ಹುಡುಗಿಗೆ ಗುಪ್ತಪದವನ್ನು ಬರೆದುಕೊಟ್ಟ ಚೀಟಿಯಿಂದ ಬೀಗವು ತೆರೆಯುವದು. ತೆರೆದ ಬಾಗಿಲಿನೊಳಗೆ ಅವಳ ವಿಷಯದ ಯಾವ ಪುಟವನ್ನು ಮೊದಲು ನೋಡಬೇಕು, ಅದನ್ನು ಕನ್ನಡದ ಯಾವ ಗ್ರಂಥದೊಡನೆ ಇಟ್ಟು ಓದಬೇಕು ಎಂಬದನ್ನು ಆ ಚೀಟಿಯ ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಬರೆದುಕೊಡುವವನು ಮೇಜಿನ ಬಳಿ ಇರಬೇಕಾಗುವದು.