ವಿಂಡೋಸ್ 10 ಮುಗಿಯಿತು, ಕಂಪ್ಯೂಟರ್ ಮುಗಿದಿಲ್ಲ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. "ಈ ಸಿಸ್ಟಮ್‌ಗೆ ಹನ್ನೊಂದು ಹಾಕೋಕಾಗಲ್ಲ ಸಾರ್, ಹೊಸದು ತಗೊಂಬಿಡಿ" ಎಂಬ ಸಲಹೆ ಕೋಲಾರದ ರಿಪೇರಿ ಅಂಗಡಿಗಳಿಂದ ಹಿಡಿದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಟೈಪಿಂಗ್ ಅಂಗಡಿಗಳವರೆಗೆ ಈಗ ಪ್ರಶ್ನಿಸಬಾರದ ಸತ್ಯವಾಗಿಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ಸಲಹೆಯ ಮೊದಲರ್ಧ ಹಲವು ಯಂತ್ರಗಳ ಮಟ್ಟಿಗೆ ನಿಜ. ಅದರಿಂದ ಎರಡನೆಯರ್ಧ ತಾನಾಗಿ ಹೊರಡುವುದಿಲ್ಲ.

ವಿಂಡೋಸ್ 11 ಕೇಳುವುದೇನು? 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಅಂಶ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. ರ‍್ಯಾಮ್, ಜಾಗ ಎರಡೂ ಹತ್ತು ವರ್ಷದ ಯಂತ್ರದಲ್ಲೂ ಇರುತ್ತವೆ. ಟಿಪಿಎಂ ಎಷ್ಟೋ ಕಡೆ ಯಂತ್ರದೊಳಗೇ ಇದ್ದು, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಅಲ್ಲಿ ಹೋಗಿ ಆನ್ ಮಾಡಿದರೆ ಆಯಿತು. ನಿಜವಾದ ಗೋಡೆ ಪ್ರೊಸೆಸರ್ ಪಟ್ಟಿ. ಅದೂ ಪ್ರಕೃತಿ ಕಟ್ಟಿದ ಗೋಡೆಯಲ್ಲ. ಏಳನೇ ತಲೆಮಾರಿನ 7820ಎಚ್‌ಕ್ಯೂ ಎಂಬ ಪ್ರೊಸೆಸರ್‌ಗೆ ಮೈಕ್ರೋಸಾಫ್ಟ್ ವಿನಾಯಿತಿ ಕೊಟ್ಟಿತು. ಆ ಕಂಪನಿಯದೇ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ. ಹೊಸ ಪ್ರೊಸೆಸರ್‌ಗಳಲ್ಲಿ ಕೆಲವು ಭದ್ರತಾ ಏರ್ಪಾಡುಗಳು ವೇಗ ತಗ್ಗಿಸದೆ ನಡೆಯುತ್ತವೆ ಎಂಬ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಗೆರೆಯ ಈಚೆಗಿರುವ ಯಂತ್ರ ಪತ್ರ ಟೈಪು ಮಾಡಲಾರದು, ಪಹಣಿ ಮುದ್ರಿಸಲಾರದು ಎಂದು ಕಂಪನಿಯೂ ಹೇಳಿಲ್ಲ.

"ಹಳೆಯದು ನಿಧಾನ" ಎಂಬುದು ಎರಡನೆಯ ವಾದ. ನಿಧಾನಕ್ಕೆ ಬಹುಪಾಲು ಕಾರಣ ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿದರೆ, ಆನ್ ಮಾಡಿ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಅರೆ ನಿಮಿಷದಲ್ಲಿ ಏಳುತ್ತದೆ. ಹೊಸ ಕಂಪ್ಯೂಟರ್ ಕೊಂಡವರು "ಹನ್ನೊಂದು ಎಷ್ಟು ಚುರುಕು" ಎನ್ನುತ್ತಾರಲ್ಲ, ಆ ಚುರುಕಿನ ದೊಡ್ಡ ಪಾಲು ಎಸ್‌ಎಸ್‌ಡಿಗೆ ಸಲ್ಲಬೇಕು.

ಹಾಗಂತ "ನಡೀತಾ ಇದೆ, ಬಿಡಿ" ಎನ್ನುವವರ ಪಕ್ಷ ನನ್ನದಲ್ಲ. ಅದು ಇನ್ನೂ ಅಪಾಯದ ನಂಬಿಕೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಅಪ್‌ಡೇಟ್ ಬಿಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯ ಕಂಪ್ಯೂಟರ್‌ಗೆ ದಿನವಿಡೀ ಯಾರ ಯಾರದೋ ಪೆನ್‌ಡ್ರೈವ್ ಸೇರುತ್ತದೆ. ಆ ಕಂಪ್ಯೂಟರ್‌ನಲ್ಲಿ ರೈತರ ಆಧಾರ್ ನಕಲು, ಬ್ಯಾಂಕ್ ಪಾಸ್‌ಬುಕ್, ಕ್ರಯಪತ್ರದ ಕರಡು ಇರುತ್ತವೆ. ಅಂಥ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್‌ಗೆ ಜೋಡಿಸಿಡುವುದು ಜನ ನಂಬಿ ಕೊಟ್ಟ ಕಾಗದಕ್ಕೆ ಮಾಡುವ ದ್ರೋಹ. ಮನೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಎಂದು ಕಂಪನಿ ಪ್ರಕಟಿಸಿತು, ಅದು ಬಿಡುವು ಮಾತ್ರ. ತಪಾಸಣೆಯನ್ನು ದಾಟಿಸಿ ಕಳ್ಳದಾರಿಯಲ್ಲಿ ಹನ್ನೊಂದನ್ನು ಹಾಕಿಕೊಡುವ ಚಾಲಾಕಿಗಳೂ ಇದ್ದಾರೆ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮನೆಯಲ್ಲಿ ಮಾಡಿಕೊಳ್ಳಲಿ, ಕಚೇರಿಯಲ್ಲಿ ಬೇಡ.

ಉಳಿದ ದಾರಿ ವಿಂಡೋಸ್‌ನ ಜಾಗದಲ್ಲಿ ಕೂರುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಇದರ ಹೆಸರೆತ್ತಿದರೆ "ಅದರಲ್ಲಿ ಕನ್ನಡ ಬರಲ್ಲ" ಎನ್ನುತ್ತಾರೆ. ಇದು ಸುಳ್ಳು. ನಮ್ಮ ಕೈಗೆ ಒಗ್ಗಿದ ಕಗಪ ಕೀಲಿವಿನ್ಯಾಸ ಅದರಲ್ಲಿದೆ, ಲಿಬ್ರೆ ಆಫೀಸ್ ಕನ್ನಡ ಬಲ್ಲದು. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳನ್ನು ವರ್ಷಗಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ತಂದು ನಡೆಸುತ್ತಿದೆ. ಆದರೆ ಎಲ್ಲ ಕಡೆ ಹೊಂದುತ್ತದೆ ಎಂದರೆ ನಾನೂ ಸುಳ್ಳು ಹೇಳಿದಂತೆ. ಲೆಕ್ಕಕ್ಕೆ ಟ್ಯಾಲಿ ನಂಬಿದ ಮಂಡಿಯವರಿಗೆ, ಬೆರಳಚ್ಚು ಯಂತ್ರ ಇಟ್ಟ ಸೇವಾ ಕೇಂದ್ರದವರಿಗೆ ವಿಂಡೋಸ್ ಬೇಕೇ ಬೇಕು. ನಮ್ಮ ಜೆರಾಕ್ಸ್ ಅಂಗಡಿಗಳ ಪ್ರೀತಿಯ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಅವರು ಹೊಸದು ಕೊಳ್ಳಲಿ. ಶಾಲೆಯ ಲ್ಯಾಬು, ಗ್ರಂಥಾಲಯ, ಪತ್ರ ಬರೆಯುವ ಮೇಜಿಗೆ ಹೊಸದು ಕೊಳ್ಳಬೇಕಾಗಿಲ್ಲ.

ಹೊಸ ಯಂತ್ರ ಕೊಂಡರೂ ಬಗೆಹರಿಯದ, ಯಾರೂ ಎತ್ತದ ಸಮಸ್ಯೆಯೊಂದಿದೆ. ಅದೇ ನಮ್ಮ ಕಡತ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ವಿಂಡೋಸ್ ಇನ್ನೂ ಉಸಿರಾಡುತ್ತಿರುವುದು ಜಿಪುಣತನದಿಂದಲ್ಲ, ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಿಂದ. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದ ಕನ್ನಡ ತಿಳಿಯದು. ಆದ್ದರಿಂದ ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲವೂ ನುಡಿ, ಶ್ರೀಲಿಪಿ ಎಂಬ ಹಳೆಯ ಫಾಂಟ್‌ಗಳಲ್ಲಿ ಕೂತಿವೆ. ಅವು ಕಂಪ್ಯೂಟರ್‌ನ ಕಣ್ಣಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರ ಹೊದಿಸಿದ ಬರಹ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಗಜಿಬಿಜಿ. ಒಂದು ಊರಿನ ಹೆಸರನ್ನು ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಒಂದು ಹಾಳೆಯಲ್ಲಿ ಕನ್ನಡದ ಜೊತೆ ತೆಲುಗೂ ಬೇಕಾದರೆ ಫಾಂಟ್ ಬದಲಿಸುತ್ತಾ ಕೂರಬೇಕು. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ, ಕನ್ನಡಕ್ಕೆ 1991ರಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಹೊತ್ತು ಬಂದಿತ್ತು. ಯಂತ್ರ ಸಿದ್ಧವಾಗಿತ್ತು, ನಾವು ಹೊರಡಲಿಲ್ಲ.

ಹೀಗಿರುವಾಗ ಹೊಸ ಪೆಟ್ಟಿಗೆ ತಂದು ಅದರಲ್ಲಿ ಮತ್ತೆ ಪೇಜ್‌ಮೇಕರನ್ನೇ ತುರುಕಿದರೆ ಏನು ಮೇಲೇರಿತು? ಹಣ ಖರ್ಚಾಯಿತು, ಕಡತ ಇದ್ದಲ್ಲೇ ಇದೆ. ಪೇಜ್‌ಮೇಕರ್ ಬಿಡಲಾಗದ ಅಂಗಡಿಯವರು ಆ ಒಂದು ಯಂತ್ರದ ಇಂಟರ್‌ನೆಟ್ ಕಿತ್ತು ಮುದ್ರಣಕ್ಕೆ ಮಾತ್ರ ಇಟ್ಟುಕೊಳ್ಳಲಿ. ಹೊಸ ಬರಹವನ್ನೆಲ್ಲ ಇಂದಿನಿಂದ ಯೂನಿಕೋಡ್‌ನಲ್ಲೇ ಮಾಡಲಿ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ, ಒಂದು ಸಲ ಕಣ್ಣಾಡಿಸಿ ತಿದ್ದಿ ಉಳಿಸಿಕೊಳ್ಳಲಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದುಂಟು.

ನರಸಾಪುರದಲ್ಲಿ ಐಫೋನ್ ಜೋಡಿಸುವ ಜಿಲ್ಲೆ ನಮ್ಮದು. ಹೊಸದರ ಮೋಹ ಇಲ್ಲಿ ಸಹಜ. ಆದರೆ ಬಿಸಾಡಿದ ಕಂಪ್ಯೂಟರ್‌ನ ಬೆಸುಗೆಯಲ್ಲಿ ಸೀಸ ಇರಬಹುದು. ಅದು ಗುಜರಿಯವನ ಬೆಂಕಿಗೆ ಬೀಳಬಾರದೆಂದೇ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದಿವೆ. ಕಚೇರಿಗಳಿಗೆ, ಶಾಲೆಗಳ ಮುಖ್ಯ ಶಿಕ್ಷಕರಿಗೆ, ಅಂಗಡಿ ಮಾಲೀಕರಿಗೆ ನನ್ನ ಕೋರಿಕೆ ಇಷ್ಟು: ಕೊಟೇಶನ್ ತರಿಸುವ ಮೊದಲು ಪ್ರತಿ ಯಂತ್ರ ಯಾವ ಕೆಲಸಕ್ಕೆ ಎಂದು ಬರೆದಿಡಿ, ಬಯೋಸ್ ತೆರೆಸಿ ನೋಡಿ, ಕಡತಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು ಯೂನಿಕೋಡ್‌ಗೆ ತರುವ ಕೆಲಸ ಶುರುಮಾಡಿ. ಕೊಳ್ಳುವ ಮಾತು ಆಮೇಲೆ ಆಡೋಣ.