ಹೊಗೆ ಚೀಟಿಯ ಅರ್ಧ ಲೆಕ್ಕ

ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪನ ಇರುತ್ತೆ. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಪಳಗಿಸೋದು ಅದರ ಕೆಲಸ. ಆದರೆ ಸುಮಾರು 250 ಡಿಗ್ರಿ ಕಾಯೋವರೆಗೆ ಅದಕ್ಕೆ ಅರೆನಿದ್ದೆ. ಹಾಲು ತರೋಕೆ ಕಾರು ತೆಗೆದರೆ, ಅದು ಏಳೋ ಹೊತ್ತಿಗೆ ನಾವು ಮನೆಗೆ ವಾಪಸ್.

ಎಮಿಷನ್ ಟೆಸ್ಟ್ ಇದನ್ನೆಲ್ಲ ಹಿಡಿಯುತ್ತಾ? ಇಲ್ಲ. ನಿಂತ ಗಾಡಿಯ ಸೈಲೆನ್ಸರ್‌ಗೆ ಕೊಳವೆ ತೂರಿಸಿ ಮೊದಲ ಎರಡು ಅನಿಲ ಅಳೀತಾರೆ. ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಇಲ್ಲ. ನನಗಿದು ಲೋಡ್ ಟೆಸ್ಟ್ ಮಾಡದೆ ಸಾಫ್ಟ್‌ವೇರ್ ರಿಲೀಸ್ ಮಾಡಿದಂತೆ ಕಾಣುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದು ಹೊಸ ಗಾಡಿಗಳ ನಿಯಮವೇನೋ ಬಿಗಿಯಾಯ್ತು. ಓಡ್ತಿರೋ ಗಾಡಿಯ ಪರೀಕ್ಷೆಗೂ ಆ ಮೂರನೇ ಅನಿಲ ಸೇರಬೇಕು. ಅಲ್ಲೀತನಕ ಚೀಟಿಯಲ್ಲಿನ ‘ಪಾಸ್’ ನಂಬೋದು ಹೇಗೆ?